ಟವೆಲ್ಲಿನ ಕೆಳಗೆ ಆಡಿದ ಮಾತು

ಹೋದ ವಾರ ಗುಲಾಬಿ ಗಿಡಗಳಿಗೆಂದು ಶೇಂಗಾ ಹಿಂಡಿ ತರಿಸಿದ್ದೆ. ನೀರಿನಲ್ಲಿ ನೆನೆಹಾಕಿ ಬುಡಕ್ಕೆ ಹಾಕಿದರೆ ಹೂವು ದಪ್ಪಗೆ ಬರುತ್ತದೆ. ಕಾನ್ವೆಂಟಿನಲ್ಲಿ ನಮಗೆ ಗಾರ್ಡನಿಂಗ್ ಕಲಿಸುತ್ತಿದ್ದ ಸಿಸ್ಟರ್ ಹೇಳಿಕೊಟ್ಟ ಪಾಠ ಅದು. ಚೀಲದ ಬಾಯಿ ಬಿಚ್ಚಿದ್ದೇ ತಡ, ಆ ವಾಸನೆ… ಎಣ್ಣೆಯ ಜಿಡ್ಡು, ಹುರಿದ ಕಾಳಿನ ಘಮ, ಅದರೊಳಗೇ ಒಂದಿಷ್ಟು ಮುಗ್ಗಲು. ಚೀಲ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ. ನಮ್ಮ ಎದುರುಮನೆಯ ಅಧ್ಯಕ್ಷರ ಅಂಗಿಯ ಜೇಬು ಎದ್ದು ನನ್ನ ವರಾಂಡಕ್ಕೆ ಬಂದ ಹಾಗಿತ್ತು.

ಅವರ ಜೇಬಿನಲ್ಲಿ ಸದಾ ಹಿಂಡಿಯ ಚೂರುಗಳಿರುತ್ತಿದ್ದವು. ಮಾರ್ಕೆಟ್ ಕಮಿಟಿಯ ಅಧ್ಯಕ್ಷರಾದ ಮೇಲೂ, ಖಾದಿ ಜುಬ್ಬಾ ಹೊಲಿಸಿಕೊಂಡ ಮೇಲೂ, ಇಸ್ತ್ರಿ ಮಾಡಿದ ಆ ಜೇಬಿನೊಳಗೆ ಹಿಂಡಿ. ದಾರಿಯಲ್ಲಿ ಯಾರ ಎತ್ತು ಸಿಕ್ಕಿದರೂ ಅದರ ಬಾಯಿಗೆ ಒಂದು ಚೂರು ಇಟ್ಟು, ಹಲ್ಲು ನೋಡಿ, ಕೊರಳಡಿ ಜೋಲುವ ಗಂಗೆದೊಗಲು ಸವರಿಯೇ ಮುಂದೆ ಹೋಗುತ್ತಿದ್ದರು. ಮಂತ್ರಿಗಳ ಕಾರಿನ ಹಿಂದೆ ಓಡಬೇಕಾದ ಹೊತ್ತಿನಲ್ಲೂ ಹಾಗೆಯೇ. ಅಧ್ಯಕ್ಷರಾಗುವ ಮೊದಲು ಅವರು ದನದ ಸಂತೆಯ ದಲ್ಲಾಳಿ. ಆ ಕಸುಬನ್ನು ಅವರು ಬಿಟ್ಟಿರಲೂ ಇಲ್ಲ. "ಕುರ್ಚಿ ಇವತ್ತು ಐತೆ, ನಾಳೆ ಇನ್ನೊಬ್ಬರ ತಳದಾಗೆ ಇರ್ತತಿ ಡಾಕ್ಟ್ರಮ್ಮ. ಸಂತೆ ಎಲ್ಲಿಗೂ ಹೋಗಲ್ಲ," ಎನ್ನುತ್ತಿದ್ದರು.

ನಾನು ಡಾಕ್ಟ್ರಮ್ಮ ಆದದ್ದು ನಮ್ಮವರಿಂದ. ಅವರು ಸರ್ಕಾರಿ ಪಶುವೈದ್ಯರು. ಮೊದಲು ಸೊರಬ, ಆಮೇಲೆ ಈ ಶಿಕಾರಿಪುರ. ಇಲ್ಲಿಗೆ ಬಂದು ಬಾಡಿಗೆ ಮನೆ ಹಿಡಿದ ದಿನವೇ ಎದುರುಮನೆಯಿಂದ ಅಧ್ಯಕ್ಷರ ಹೆಂಡತಿ ಒಂದು ತಟ್ಟೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದಿದ್ದರು. ಅವರನ್ನು ನಾನು ಅಕ್ಕ ಎಂದೇ ಕರೆದೆ, ಈಗಲೂ ಹಾಗೆಯೇ ಕರೆಯುತ್ತೇನೆ. ನನ್ನ ಕಾನ್ವೆಂಟ್ ಕನ್ನಡ ಕೇಳಿ ಮೊದಮೊದಲು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಹೆಂಗಸು. "ಏನು, ಇಸ್ಕೂಲಿನಾಗೆ ಮಾತಿಗೂ ಇಸ್ತ್ರಿ ಹಾಕಿಸ್ತಿದ್ರಾ ನಿಮಗೆ?" ಎಂದು ಕೇಳಿದ್ದರು.

ಸಂತೆಯಲ್ಲಿ ವ್ಯಾಪಾರ ನಡೆಯುವ ರೀತಿಯನ್ನು ನಾನು ಮೊದಲ ಸಲ ಕಂಡಾಗ ಅದೇನೆಂದು ತಿಳಿದಿರಲಿಲ್ಲ. ಇಬ್ಬರು ಗಂಡಸರು ಎದುರುಬದುರು ನಿಂತಿರುತ್ತಾರೆ. ಒಬ್ಬರ ಹೆಗಲಿನ ಟವೆಲ್ಲು ಇಳಿದು ಇಬ್ಬರ ಕೈಗಳನ್ನೂ ಮುಚ್ಚುತ್ತದೆ. ಮೇಲೆ ಇಬ್ಬರೂ ಮಳೆಯ ವಿಷಯ, ಮದುವೆಯ ವಿಷಯ ಮಾತಾಡುತ್ತಾರೆ. ಕೆಳಗೆ ಬೆರಳುಗಳು ಬೆಲೆ ಕಟ್ಟುತ್ತವೆ. ಸುತ್ತ ನಿಂತ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಟವೆಲ್ಲು ತೆಗೆದಾಗ ಎತ್ತು ಕೈಬದಲಾಗಿರುತ್ತದೆ.

ಒಂದು ಮಧ್ಯಾಹ್ನ ನಮ್ಮ ವರಾಂಡದಲ್ಲಿ ಕಾಫಿ ಕುಡಿಯುತ್ತಾ ಅದರ ಗುಟ್ಟು ಹೇಳಿಕೊಡಿ ಎಂದು ಅಧ್ಯಕ್ಷರನ್ನು ಕೇಳಿದೆ. ನನ್ನ ಕೈ ಹಿಡಿಯುವುದುಂಟೇ! ಅಕ್ಕನ ಕೈಯನ್ನೇ ಟವೆಲ್ಲಿನೊಳಗೆ ಎಳೆದುಕೊಂಡರು. "ನೋಡ್ರಿ, ಹಿಂಗೆ ಹಿಡಿದ್ರೆ ಇಷ್ಟು. ಹಿಂಗೆ ಕೆರೆದ್ರೆ ಅರ್ಧ. ಇದು, ಇನ್ನೊಂದು ಸ್ವಲ್ಪ ಏರು ಅಂತ. ಇನ್ನ ಹಿಂಗೆ ಎಲ್ಲಾ ಬೆರಳು ಮಡಿಸಿ ಮ್ಯಾಲೆ ಹೆಬ್ಬೆಟ್ಟು ಒತ್ತಿದ್ರೆ, ಮುಗೀತು. ಮುಚ್ಚು. ಈ ವ್ಯವಹಾರ ಇಲ್ಲಿಗೆ ಬಿಡು, ಯಾರ ಮುಂದೂ ಬಾಯಿ ಬಿಡಬ್ಯಾಡ. ಆ ಕಡೆಯವನು ತಿರುಗಿ ಒತ್ತಿದ ಅಂದ್ರೆ ಒಪ್ಪಿದ ಅಂತ."

"ಅಯ್ಯೋ ಬಿಡ್ರಿ, ಬೆರಳು ಮುರಿತಾವೆ," ಎಂದು ಅಕ್ಕ ಕೈ ಕಿತ್ತುಕೊಂಡರು. "ಇಷ್ಟು ವರ್ಷದಾಗೆ ಇವರು ನನ್ನ ಕೈ ಹಿಡಿದಿದ್ದು ಇವತ್ತೇ. ಅದೂ ಎತ್ತಿನ ರೇಟು ಹೇಳಾಕೆ."

"ಆಮೇಲೆ ಯಾರಾದರೂ, ನಾನು ಹಾಗೆ ಹೇಳೇ ಇಲ್ಲ ಅಂದರೆ?" ಎಂದು ಕೇಳಿದೆ. ಎಷ್ಟಾದರೂ ಕಾಗದದ ಮೇಲೆ ಸಹಿ ಬಿದ್ದರೇ ಅಗ್ರಿಮೆಂಟು ಎಂದು ಬೆಳೆದವಳು ನಾನು.

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಅಂತಾರೆ?" ಎಂದು ನನ್ನ ಮುಖ ನೋಡಿದರು. "ಹಂಗೆ ಯಾರೂ ಅನ್ನಲ್ಲರೀ."

ತೊಂಬತ್ತರ ದಶಕದ ನಡುವಿನ ವರ್ಷಗಳು. ಜಿಲ್ಲಾ ಪಂಚಾಯತಿ ಚುನಾವಣೆ ಹತ್ತಿರ ಬರುತ್ತಿತ್ತು. ಅಧ್ಯಕ್ಷರಿಗೆ ಟಿಕೆಟ್ ಗ್ಯಾರಂಟಿ ಎಂದು ಊರೇ ಮಾತಾಡುತ್ತಿತ್ತು. ಅವರ ಮನೆಯ ಜಗುಲಿಯಲ್ಲಿ ಬೆಳಗಾದರೆ ಜನ; ಅಕ್ಕನಿಗೆ ಚಹಾ ಕಾಸುವುದೇ ಕೆಲಸ. ಅದೇ ಹೊತ್ತಿಗೆ ಕುಪ್ಪಗಡ್ಡೆಯಲ್ಲಿ ಆ ಗಲಾಟೆ ನಡೆಯಿತು.

ಕುಪ್ಪಗಡ್ಡೆಯಲ್ಲಿ ಅಧ್ಯಕ್ಷರ ತಂಗಿಯ ಗದ್ದೆಯಿತ್ತು. ತಂಗಿಯ ಗಂಡ ತೀರಿಕೊಂಡಿದ್ದರಿಂದ ಮಗನೇ ನೋಡಿಕೊಳ್ಳುತ್ತಿದ್ದ. ಬುಲೆಟ್ ಬೈಕು, ಬಾಯಲ್ಲಿ ಗುಟ್ಕಾ, ಮಾತೆತ್ತಿದರೆ "ನಮ್ಮ ಮಾವ." ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಕುರಿಮಂದೆ ನಿಲ್ಲಿಸುವುದು ಅಲ್ಲಿಯ ವಾಡಿಕೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಆ ಸಲ ತೊಗರ್ಸಿಯ ಕಡೆಯಿಂದ ಮಂದೆ ತಂದಿದ್ದವನು ಒಬ್ಬ ವಯಸ್ಸಾದ ಕುರಿಗಾರ, ನಾವೆಲ್ಲ ಕುರಿಯಜ್ಜ ಎನ್ನುತ್ತಿದ್ದವನು. ನಮ್ಮವರ ಆಸ್ಪತ್ರೆಗೆ ಮರಿಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬರುತ್ತಿದ್ದ. ತನ್ನ ಟಗರುಗಳನ್ನು ಯಾವಾಗಲೂ ಅಧ್ಯಕ್ಷರ ಕೈಯಿಂದಲೇ ಮಾರಿಸುತ್ತಿದ್ದ. ಬೇರೆ ದಲ್ಲಾಳಿಯ ಟವೆಲ್ಲಿನೊಳಗೆ ಆತ ಕೈ ಇಟ್ಟವನೇ ಅಲ್ಲ.

ಕೆಲವು ಕುರಿಗಳು ಪಕ್ಕದ ಹೆಸರುಕಾಳಿನ ಬೆಳೆಗೆ ಬಾಯಿ ಹಾಕಿದವು. ಅಷ್ಟೇ ಆಗಿದ್ದು. ಅಧ್ಯಕ್ಷರ ಆ ಸೋದರಳಿಯ ಬಂದವನೇ ಕೋಲು ತೆಗೆದುಕೊಂಡ. ಅಜ್ಜ ಕುರಿಯ ಮೇಲೆ ಬೀಳುವ ಏಟಿಗೆ ತನ್ನ ಬಲಗೈ ಅಡ್ಡ ಹಿಡಿದ. ಮೂಳೆ ಮುರಿಯಿತು. ಕೈಗೆ ಕಟ್ಟು ಹಾಕಿದ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರು, ಅಜ್ಜ ಇದ್ದದ್ದು ಇದ್ದ ಹಾಗೆ ಹೇಳಿಕೆ ಕೊಟ್ಟ, ಸೊರಬದ ಕೋರ್ಟಿನಲ್ಲಿ ಕೇಸಾಯಿತು.

ಅಧ್ಯಕ್ಷರ ತಂಗಿ ಬಂದು ಅಣ್ಣನ ಜಗುಲಿಯಲ್ಲಿ ಕುಳಿತು ಅತ್ತದ್ದು ನಮ್ಮ ಮನೆಯವರೆಗೂ ಕೇಳುತ್ತಿತ್ತು. "ಗಂಡ ಇಲ್ಲದವಳು ನಾನು. ಇರೋನೊಬ್ಬನ್ನೂ ಜೈಲಿಗೆ ಹಾಕಿಸ್ತೀಯೇನಣ್ಣಾ?" ಪಕ್ಷದವರು ಬಂದರು. ಎಲೆಕ್ಷನ್ ಮುಂದಿಟ್ಟುಕೊಂಡು ಮನೆಯ ಹುಡುಗನ ಮೇಲೆ ಕೇಸು ನಿಲ್ಲಬಾರದು ಎಂದರು.

ಹಿಯರಿಂಗಿನ ಹಿಂದಿನ ಸಂತೆಯಲ್ಲಿ ನಮ್ಮವರು ದನಗಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದರು. ಊಟಕ್ಕೆ ಬಂದಾಗ, ಕೈ ತೊಳೆಯುತ್ತಾ ಹೇಳಿದರು: "ಇವತ್ತು ಅಧ್ಯಕ್ಷರು ಕುರಿಯಜ್ಜನ ಕೈ ಮೇಲೆ ಟವೆಲ್ಲು ಹಾಕಿದರು. ಅಜ್ಜ ಮಾರೋಕೆ ಒಂದು ಮರೀನೂ ತಂದಿರಲಿಲ್ಲ."

ನಾನು ಬಡಿಸುವ ಸೌಟು ಹಿಡಿದು ನಿಂತೆ. "ಏನಂದರಂತೆ?"

"ಬಾಯಲ್ಲಿ, ಊಟ ಆಯ್ತಾ ಅಂದರು. ಕೈಯಲ್ಲಿ ಏನಂದರೋ ಅವರಿಬ್ಬರಿಗೇ ಗೊತ್ತು."

ಅವರಿಬ್ಬರಿಗೆ ಗೊತ್ತಿದ್ದದ್ದು ಕೋರ್ಟಿನಲ್ಲಿ ಹೊರಬಿತ್ತು. ಕಟಕಟೆಯಲ್ಲಿ ನಿಂತ ಅಜ್ಜ, ತನ್ನನ್ನು ಯಾರೂ ಹೊಡೆದಿಲ್ಲ, ಬದುವಿನ ಮೇಲಿಂದ ಜಾರಿ ಬಿದ್ದೆ ಎಂದ. ಸರ್ಕಾರಿ ವಕೀಲರಿಗೆ ಸಿಟ್ಟು ಬಂತು. ಪೊಲೀಸರ ಮುಂದೆ ಹೊಡೆದ ಎಂದವನು ಈಗ ಬಿದ್ದೆ ಎನ್ನುತ್ತಾನೆ. ಇವನನ್ನು ಯಾರೋ ತಿರುಗಿಸಿದ್ದಾರೆ. ಸಂತೆಯ ಸುದ್ದಿಯನ್ನು ಚುನಾವಣೆಯ ಎದುರುಪಕ್ಷದವರು ಆಗಲೇ ವಕೀಲರ ಕಿವಿಗೆ ಮುಟ್ಟಿಸಿದ್ದರು. ಹಾಗಾಗಿ ಅಧ್ಯಕ್ಷರಿಗೇ ಸಮನ್ಸ್ ಬಂತು.

ಅಕ್ಕ ಒಬ್ಬರೇ ಹೋಗಲು ಹೆದರಿ ನನ್ನನ್ನು ಜೊತೆಗೆ ಕರೆದರು. ಸೊರಬದ ಕೋರ್ಟಿನ ಹಿಂದಿನ ಬೆಂಚಿನಲ್ಲಿ ನಾವಿಬ್ಬರೂ ಕುಳಿತಿದ್ದೆವು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಅಧ್ಯಕ್ಷರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದರು. ಧ್ವನಿ ಗಟ್ಟಿಯಾಗಿತ್ತು, ಭಾಷಣಕ್ಕೆ ನಿಂತವರ ಹಾಗೆ.

"ಸಂತೆಯಲ್ಲಿ ಈ ಸಾಕ್ಷಿಗೆ ನೀವು ಏನಾದರೂ ಹೇಳಿದಿರಾ?" ವಕೀಲರು ಕೇಳಿದರು.

"ಊಟ ಆಯ್ತಾ ಅಂದೆ ಸ್ವಾಮಿ. ಅದು ಬಿಟ್ರೆ ಒಂದು ಮಾತೂ ಆಡಿಲ್ಲ. ಸುತ್ತ ನೂರು ಜನ ಇದ್ರು, ಕೇಳ್ರಿ."

ಅಕ್ಕ ನನ್ನ ಮೊಣಕೈ ತಿವಿದರು. ನಗು ತಡೆದುಕೊಂಡಿದ್ದರು. ನನಗೂ ಒಳಗೊಳಗೇ, ವೆರಿ ಕ್ಲೆವರ್, ಅನ್ನಿಸಿದ್ದು ನಿಜ.

ವಕೀಲರು ಕಾಗದ ತಿರುಗಿಸಿ, ಇನ್ನೊಂದು ಪ್ರಶ್ನೆ ಕೇಳಿದರು. "ಮಾತು ಬಿಡಿ. ಯಾವುದೇ ರೀತಿಯಲ್ಲಿ, ನಿಮ್ಮಿಬ್ಬರ ನಡುವೆ ಈ ಕೇಸಿನ ವಿಷಯ ಬಂದಿತ್ತೇ?"

ಅಧ್ಯಕ್ಷರು ಕೆಳಗೆ ನೋಡಿದರು. ಕಟಕಟೆಯ ಕೆಳಗೆ ಅಜ್ಜ ಕುಳಿತಿದ್ದ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಬ್ಯಾಂಡೇಜಿನ ಕೈ ನೇತುಹಾಕಿಕೊಂಡು. ಅವನು ಇವರನ್ನೇ ನೋಡುತ್ತಿದ್ದ.

"ಇಲ್ಲ," ಎಂದರು ಅಧ್ಯಕ್ಷರು. "ಬಂದಿಲ್ಲ."

ಅಕ್ಕನ ಮುಖದಲ್ಲಿದ್ದ ನಗು ಹೊರಟುಹೋಯಿತು… ಹಿಂದಿರುಗುವಾಗ ಜೀಪಿನಲ್ಲಿ ಪಕ್ಷದ ಹುಡುಗರು ಮೊದಲ ಉತ್ತರವನ್ನೇ ಹೇಳಿ ಹೇಳಿ ನಕ್ಕರು. ಎರಡನೆಯದರ ಬಗ್ಗೆ ಯಾರೂ ಮಾತಾಡಲಿಲ್ಲ.

ಎದುರುಪಕ್ಷದವರು ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿ ಕೂಗಿದರು: ಅಧ್ಯಕ್ಷರು ನ್ಯಾಯಕ್ಕೆ ಅಡ್ಡಬಂದಿದ್ದಾರೆ, ದೇವರ ಮೇಲೆ ಆಣೆಯಿಟ್ಟು ಸುಳ್ಳು ಸಾಕ್ಷಿ ಹೇಳಿದ್ದಾರೆ, ರಾಜೀನಾಮೆ ಕೊಡಲಿ. ಶಿವಮೊಗ್ಗದಿಂದ ಮಧ್ಯಾಹ್ನದ ಬಸ್ಸಿಗೆ ನನಗೊಂದು ಇಂಗ್ಲಿಷ್ ಪೇಪರ್ ಬರುತ್ತಿತ್ತು. ಅದರ ಒಳಪುಟದಲ್ಲೂ ಒಂದು ಬೆರಳಗಲದ ಸುದ್ದಿ. ಅಧ್ಯಕ್ಷರು ರಸ್ತೆ ದಾಟಿ ಬಂದರು. "ಇಂಗ್ಲಿಷಿನಾಗೂ ಬಂದೈತಂತಲ್ರೀ ಡಾಕ್ಟ್ರಮ್ಮ, ತೋರಿಸ್ರಿ," ಎಂದರು, ಬಹುಮಾನ ಬಂದವರ ಹಾಗೆ. ಪೇಪರನ್ನು ದೂರ ಹಿಡಿದು ನೋಡಿ, ಒಂದು ಶಬ್ದದ ಮೇಲೆ ಬೆರಳಿಟ್ಟರು. "ಇದೇನು?"

"ಪರ್ಜುರಿ. ಪ್ರಮಾಣ ಮಾಡಿ ಸುಳ್ಳು ಹೇಳುವುದು."

"ಸಂತ್ಯಾಗೆ ಬಾಯಿ ಬಿಟ್ಟಿದ್ರೆ ತಾನೆ ಸುಳ್ಳು?" ಎಂದು ನಕ್ಕು, ಕಾಫಿ ಮುಗಿಸಿ ಹೋದರು. ಎದುರುಪಕ್ಷದವರ ಕೂಗು ಅವರಿಗೆ ಏನೇನೂ ತಾಗಲಿಲ್ಲ. ಅದು ಅವರಿಗೆ ಅಭ್ಯಾಸವಾದದ್ದು. ನಾಳೆ ಇವರೂ ಅದೇ ಮೈಕಿನಲ್ಲಿ ಅವರನ್ನು ಬೈಯುವವರು.

ಆದರೆ ಸೊರಬದಿಂದ ಇನ್ನೊಂದು ಕಾಗದ ಹೊರಟಿತ್ತು. ಅದು ಅಜ್ಜನಿಗೆ. ಪೊಲೀಸರಿಗೆ ಒಂದು, ಕೋರ್ಟಿಗೆ ಒಂದು ಹೇಳಿದ್ದೀಯ. ನಿನ್ನನ್ನು ಯಾರೂ ತಿರುಗಿಸಿಲ್ಲ ಎಂದು ದೊಡ್ಡ ಮನುಷ್ಯರು ಪ್ರಮಾಣ ಮಾಡಿ ಹೇಳಿದ್ದಾರೆ. ಹಾಗಿದ್ದರೆ ಸುಳ್ಳು ಹೇಳಿದವನು ನೀನೇ. ನಿನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ಬಂದು ಹೇಳು. ಅಜ್ಜನಿಗೆ ಜೈಲಾಗಬಹುದು ಎಂದು ನಮ್ಮವರು ಹೇಳಿದಾಗ ನನಗೆ ನಂಬಲಾಗಲಿಲ್ಲ. ಪೆಟ್ಟು ತಿಂದವನು ಅವನು! ಮೈಕಿನಲ್ಲಿ ಕೂಗಿದವರಾರೂ ಅವನ ಮಾತೆತ್ತಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಧ್ಯಕ್ಷರ ಕುರ್ಚಿ. ಅಜ್ಜನಲ್ಲಿ ಅವರಿಗೆ ಬೇಕಾದ್ದೇನಿತ್ತು?

ಸಂತೆಗೆ ಮಾತ್ರ ಅಜ್ಜ ನೆನಪಿದ್ದ. ಮುಂದಿನ ಸಂತೆಯ ದಿನ ಅಧ್ಯಕ್ಷರು ಎಂದಿನಂತೆ ಜೇಬು ತುಂಬ ಹಿಂಡಿ ತುಂಬಿಕೊಂಡು ಹೋದರು. ಏನಾಯಿತೆಂದು ನಮ್ಮವರು ಹೇಳಿದ್ದು ಇಷ್ಟು. ಒಂದು ಜೊತೆ ಹೋರಿಗಳ ಮುಂದೆ ನಿಂತು ಅಧ್ಯಕ್ಷರು ರೈತನ ಕಡೆ ಕೈ ಚಾಚಿ ಟವೆಲ್ಲು ಇಳಿಸಿದರು. ಆ ರೈತ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡ.

"ಬಾಯಾಗೇ ಹೇಳ್ರಿ ಅಧ್ಯಕ್ಷ್ರೆ, ಎಷ್ಟು ಅಂತ."

"ಏ, ಹುಚ್ಚ. ಕೈ ಕೊಡೋ."

"ಬ್ಯಾಡ್ರಿ. ಕೈಯಾಗೆ ಆಡಿದ್ದು ಮಾತಲ್ಲಂತಲ್ಲ, ಕೋರ್ಟಿನಾಗೆ ಬರಕೊಂಡಾರಂತೆ. ಎಲ್ಲರಿಗೂ ಕೇಳಂಗೆ ಕೂಗಿ ಹೇಳ್ರಿ."

ಪಕ್ಕದವನೂ ಅದನ್ನೇ ಹೇಳಿದ. ಅದರಾಚೆಯವನೂ. ಯಾರೂ ಬೈಯಲಿಲ್ಲ, ಮರ್ಯಾದೆ ಕಡಿಮೆ ಮಾಡಲಿಲ್ಲ. ನಮಸ್ಕಾರ ಮಾಡಿದರು, ಎಲೆಯಡಿಕೆ ಕೊಟ್ಟರು. ಕೈ ಮಾತ್ರ ಯಾರೂ ಕೊಡಲಿಲ್ಲ. ಎಲ್ಲರಿಗೂ ಕೇಳುವಂತೆ ಬೆಲೆ ಕೂಗಿದ ದಲ್ಲಾಳಿಗೆ ಸಂತೆಯಲ್ಲಿ ಏನು ಕೆಲಸ? ಮಧ್ಯಾಹ್ನಕ್ಕೆ ಮೊದಲೇ ಅಧ್ಯಕ್ಷರು ಮನೆಗೆ ಬಂದರು. ಜೇಬು ಹೋದಾಗ ಇದ್ದಷ್ಟೇ ಉಬ್ಬಿತ್ತು. ಎತ್ತುಗಳಿಗೂ ಹಿಂಡಿ ಕೊಡುವ ಮನಸ್ಸಾಗಿರಲಿಲ್ಲವೋ ಏನೋ…

ಕೆಲವು ದಿನ ಅವರು ನಮ್ಮ ಕಡೆ ಬರಲಿಲ್ಲ. ಬಂದಾಗ ಕಾಫಿಯನ್ನು ಆರಲು ಬಿಟ್ಟು ಕುಳಿತರು. ತೊಗರ್ಸಿಯ ಕಡೆ ಹೋಗಿ ಬಂದಿದ್ದರಂತೆ, ಅಜ್ಜನನ್ನು ನೋಡಲು. ಅಕ್ಕನೂ ಹಿಂದೆಯೇ ಬಂದು ಬಾಗಿಲ ಬಳಿ ಕುಳಿತರು.

"ಅವನು ಬೈದಿದ್ರೆ ಚೆನ್ನಾಗಿತ್ರೀ," ಎಂದರು ಅಧ್ಯಕ್ಷರು. "ನಾನೇ ಒಳ್ಳೆ ವಕೀಲರನ್ನ ಇಡಿಸ್ತೀನಿ, ಹೆದರಬ್ಯಾಡ ಅಂದೆ. ಅದಕ್ಕೆ ಏನಂದ ಗೊತ್ತಾ? 'ವಕೀಲ್ರು ಯಾಕ್ರಿ ಸಾವ್ಕಾರ್ರೆ. ನೀವು ಮುಚ್ಚು ಅಂದ್ರಿ, ಮುಚ್ಚಿದೆ. ನೀವು ಹಂಗೆ ಅಂದೇ ಇಲ್ಲ ಅಂತ ಅಂದಮ್ಯಾಲೆ, ನಾನು ಯಾರ ಮಾತು ಕೇಳಿ ಬಿದ್ದೆ ಅಂದೆ? ನಮ್ಮ ಮನ್ಯಾಗೆ ಹುಡುಗ್ರು ಕೇಳ್ತಾವೆ. ಅದೊಂದು ಹೇಳಿಕೊಡ್ರಿ ಸಾಕು.'"

ಬಾಗಿಲ ಬಳಿಯಿಂದ ಅಕ್ಕ ಹೇಳಿದರು: "ಹೇಳಿಕೊಡ್ರಿ ಮತ್ತೆ. ಊರಿಗೆಲ್ಲಾ ಭಾಷಣ ಹೇಳ್ತೀರಲ್ಲ."

"ನೀ ಸುಮ್ನಿರೇ."

"ಸುಮ್ನೇ ಇದ್ದೆ. ಅವತ್ತು ಕೋರ್ಟಿನಾಗೂ ಸುಮ್ನೇ ಕುಂತಿದ್ದೆ. ಆ ಮುದುಕ ನಿಮ್ಮ ಮುಖಾನೇ ನೋಡ್ತಿದ್ದ. ಯಾವಾಗ ಹೇಳ್ತಾರೆ, ಯಾವಾಗ ಹೇಳ್ತಾರೆ ಅಂತ."

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ನಿಮ್ಮ ಆ ಇಂಗ್ಲಿಷ್ ಶಬ್ದ… ಅದು ಕೈಗೂ ಹತ್ತತದಾ ಡಾಕ್ಟ್ರಮ್ಮ?"

ಕಾನೂನು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಅದನ್ನೇ ಹೇಳಿದೆ. ನಮ್ಮ ಬೋರ್ಡಿಂಗಿನಲ್ಲಿ ಸಂಜೆ ಸೈಲೆನ್ಸ್ ಅವರ್ ಇರುತ್ತಿತ್ತು. ಯಾರೂ ತುಟಿ ಎರಡು ಮಾಡುವಂತಿಲ್ಲ. ನಾವು ಹುಡುಗಿಯರು ಡೆಸ್ಕಿನ ಕೆಳಗೆ ಬೆರಳಿನಲ್ಲೇ ಹರಟುತ್ತಿದ್ದೆವು. ಒಂದು ದಿನ ಸಿಸ್ಟರ್ ನನ್ನನ್ನು ನಿಲ್ಲಿಸಿ, ಮಾತಾಡಿದೆಯಾ ಎಂದು ಕೇಳಿದರು. ನೋ ಸಿಸ್ಟರ್, ಎಂದೆ, ಎದೆ ಸೆಟೆಸಿ. ಅವರು ಗದರಲಿಲ್ಲ. "ನಾನು ಕೇಳಿದ್ದು ನಿನ್ನನ್ನು, ಚೈಲ್ಡ್. ನಿನ್ನ ನಾಲಿಗೆಯನ್ನಲ್ಲ," ಎಂದು ಹೇಳಿ ಮುಂದಿನ ಡೆಸ್ಕಿಗೆ ಹೋದರು.

ಕಥೆ ಮುಗಿದ ಮೇಲೆ ಅಧ್ಯಕ್ಷರು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. "ಶಿಕ್ಷೆ ಕೊಟ್ರಾ?" ಎಂದು ಕೇಳಿದರು.

"ಇಲ್ಲ."

"ಅದೇ ನೋಡ್ರಿ ಕಷ್ಟ," ಎಂದು ಎದ್ದರು.

ಅಜ್ಜನ ವಿಚಾರಣೆಯ ದಿನ ಅಧ್ಯಕ್ಷರು ಯಾರಿಗೂ ಹೇಳದೆ ಬಸ್ಸಿನಲ್ಲಿ ಸೊರಬಕ್ಕೆ ಹೋದರು. ಹಾಗೆ ಯಾರಿಗೂ ಹೇಳದೆ ಹೋದವರ ಹಿಂದೆ ಅಕ್ಕ ಇದ್ದರು, ಅಕ್ಕನ ಪಕ್ಕದ ಸೀಟಿನಲ್ಲಿ ನಾನಿದ್ದೆ. ಪಕ್ಷದ ಹುಡುಗರಿಗೆ ಸುದ್ದಿ ತಿಳಿದು ಜೀಪಿನಲ್ಲಿ ಹಿಂದೆ ಬಿದ್ದು, ಕೋರ್ಟಿನ ಗೇಟಿನಲ್ಲಿ ಅಡ್ಡ ನಿಂತರು. "ಟಿಕೆಟ್ ಹೋಗ್ತತಿ ಅಣ್ಣಾ. ಕುರ್ಚಿನೂ ಹೋಗ್ತತಿ. ಆ ಕುರಿಯೋನಿಗೆ ದಂಡ ಬಿದ್ರೆ ನಾವೇ ಕಟ್ತೀವಿ, ನೀವು ವಾಪಸ್ ನಡೀರಿ." ಒಬ್ಬ ಅವರ ಕೈಯನ್ನೇ ಹಿಡಿದುಕೊಂಡ. ಅಧ್ಯಕ್ಷರು ಸಿಟ್ಟು ಮಾಡಲಿಲ್ಲ. ತಮ್ಮ ಕೈ ಬಿಡಿಸಿಕೊಂಡು, ಅವನ ಬೆನ್ನು ತಟ್ಟಿ, ಒಳಗೆ ನಡೆದರು.

ಮ್ಯಾಜಿಸ್ಟ್ರೇಟರು ಮೊದಲು ಒಪ್ಪಲಿಲ್ಲ. ನಿಮ್ಮನ್ನು ಇವತ್ತು ಯಾರೂ ಕರೆದಿಲ್ಲ ಎಂದರು. ಈಗ ನೀವು ಹೇಳುವುದು ನಿಮ್ಮ ಮೇಲೆಯೇ ಬರುತ್ತದೆ, ಗೊತ್ತೇ ಎಂದು ಎಚ್ಚರಿಸಿದರು. ಸರ್ಕಾರಿ ವಕೀಲರು ಎದ್ದು ಏನೋ ಮನವಿ ಮಾಡಿದ ಮೇಲೆ, ಅಧ್ಯಕ್ಷರನ್ನು ಮತ್ತೆ ಕಟಕಟೆಗೆ ಹತ್ತಿಸಿದರು. ಈ ಸಲ ಪ್ರಮಾಣ ಮಾಡುವಾಗ ಧ್ವನಿ ಹಿಂದಿನ ಬೆಂಚಿಗೆ ಸರಿಯಾಗಿ ಕೇಳಲಿಲ್ಲ.

"ಹೋದ ಸಲ ನಾನು ಹೇಳಿದ್ದು ಸುಳ್ಳು ಸ್ವಾಮಿ. ಕೇಸಿನ ವಿಷಯ ಬಂದಿತ್ತು. ಟವೆಲ್ಲಿನ ಕೆಳಗೆ ಆತನ ಬ್ಯಾಂಡೇಜಿನ ಮೇಲೆ ಬೆರಳಿಟ್ಟೆ. ಆಮೇಲೆ ಆತನ ಎಡಗೈ ಬೆರಳು ಮಡಿಸಿ ಒತ್ತಿದೆ. ಮುಚ್ಚು ಅಂತ. ಆತ ತಿರುಗಿ ಒತ್ತಿದ. ನಾನು ಹೇಳಿದ್ದಕ್ಕೇ ಆತ ಬಿದ್ದೆ ಅಂದಿದ್ದು. ಹೊಡೆದಿದ್ದು ನಮ್ಮ ಹುಡುಗನೇ."

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. "ಒತ್ತಿದ್ದು ಅಂದರೆ ಹೇಗೆ? ತೋರಿಸಿ."

ಅಧ್ಯಕ್ಷರು ಆಚೀಚೆ ನೋಡಿದರು. ಗಾಳಿಯಲ್ಲಿ ಒಬ್ಬರೇ ತೋರಿಸುವಂಥದ್ದಲ್ಲ ಅದು. ಆಗ ಕೆಳಗೆ ಕುಳಿತಿದ್ದ ಅಜ್ಜ, ಯಾರೂ ಹೇಳದೆಯೇ ಎದ್ದು ಕಟಕಟೆಯ ಹತ್ತಿರ ಹೋಗಿ ತನ್ನ ಎಡಗೈಯನ್ನು ಮೇಲೆ ಚಾಚಿದ. ಅಧ್ಯಕ್ಷರು ಆ ಕೈ ಹಿಡಿದು, ಬೆರಳುಗಳನ್ನು ಮಡಿಸಿ, ಹೆಬ್ಬೆರಳು ಒತ್ತಿ ತೋರಿಸಿದರು. ಎಲ್ಲರ ಮುಂದೆ, ಮೇಲೆ ಯಾವ ಬಟ್ಟೆಯೂ ಇಲ್ಲದೆ. ಅಷ್ಟು ವರ್ಷಗಳ ಸಂತೆಯ ಗುಟ್ಟು ಅವತ್ತು ಸೊರಬದ ಜನರಿಗೆಲ್ಲ ಕಂಡಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಗಟ್ಟಿಯಾಗಿ ಮೂಗು ಒರೆಸಿಕೊಂಡೆ, ದಫೇದಾರ ತಿರುಗಿ ನೋಡಿದ.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಅಜ್ಜ ಮತ್ತೆ ಕಟಕಟೆ ಹತ್ತಿ ನಿಜ ಹೇಳಿದ. ಅವನ ಮೇಲಿನ ಕ್ರಮವನ್ನು ಕೈಬಿಟ್ಟರು. ಅಳಿಯನಿಗೆ ಶಿಕ್ಷೆಯಾಯಿತು, ದೊಡ್ಡದೇನಲ್ಲ. ಬುಲೆಟ್ಟಿನ ಸದ್ದು ಮಾತ್ರ ಕಡಿಮೆಯಾಯಿತು. ತಂಗಿ ಎಷ್ಟೋ ಹಬ್ಬಗಳಿಗೆ ಅಣ್ಣನ ಮನೆಯ ಹೊಸಿಲು ತುಳಿಯಲಿಲ್ಲ. ಅಧ್ಯಕ್ಷರ ಮೇಲೆಯೇ ಸುಳ್ಳು ಸಾಕ್ಷಿಯ ಕೇಸಾಗಿ, ವರ್ಷಗಟ್ಟಲೆ ಸೊರಬಕ್ಕೆ ಓಡಾಡಿ, ಕೊನೆಗೆ ದಂಡ ಕಟ್ಟಿ ಬಿಡುಗಡೆಯಾದರು. ಕುರ್ಚಿ ಹೋಯಿತು. ಟಿಕೆಟ್ ಬೇರೆಯವರ ಪಾಲಾಯಿತು. ಎದುರುಪಕ್ಷದವರು ಪಟಾಕಿ ಹೊಡೆದರು. ಸ್ವಂತ ಪಕ್ಷದವರು ಆ ಬೀದಿಯನ್ನೇ ಮರೆತರು. ಅಕ್ಕನ ಚಹಾದ ಪಾತ್ರೆ ಚಿಕ್ಕದಾಯಿತು.

ಇದನ್ನೆಲ್ಲ ದುಃಖದ ಕಥೆ ಎಂದು ಯಾರೂ ತಿಳಿಯಬಾರದು. ಆಮೇಲಿನ ವರ್ಷಗಳಷ್ಟು ನಿರಾಳವಾಗಿ ಆ ಮನುಷ್ಯನನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಜುಬ್ಬಾ ಪೆಟ್ಟಿಗೆ ಸೇರಿತು. ಮೊಣಕೈವರೆಗೆ ಮಡಿಸಿದ ಹಳೆಯ ಅಂಗಿ ಹೊರಬಂತು. ಮಾಜಿಯಾದರೂ ಎಲ್ಲರಿಗೂ ಅವರು ಅಧ್ಯಕ್ಷರೇ. ಮೊದಲ ಸಂತೆಗೆ ಹೊರಟಾಗ ಹೊಸ ಶಾಲೆಗೆ ಹೋಗುವ ಹುಡುಗನ ಹಾಗಿದ್ದರು, ಪಾಪ. ಹೋಗಲೋ ಬೇಡವೋ ಎಂದು ಗೇಟಿನವರೆಗೆ ಬಂದು ಎರಡು ಸಲ ಒಳಗೆ ಹೋದರು. "ಹೋಗ್ರಿ ಅತ್ಲಾಗೆ. ಯಾರೂ ಕೈ ಕೊಡದಿದ್ರೆ ಕೂಗ್ರಿ, ಗಂಟಲು ಐತಲ್ಲ," ಎಂದು ಅಕ್ಕ ದಬ್ಬಿದರು.

ಸಂತೆಯಲ್ಲಿ ಹೋರಿಯವನೊಬ್ಬ ಅವರನ್ನು ಕಂಡು, ಕಂಕುಳಲ್ಲಿದ್ದ ಕೈ ತೆಗೆದನಂತೆ. ತಾನೇ ಮುಂದೆ ಬಂದು, "ಏನು ಅಧ್ಯಕ್ಷ್ರೆ, ಕೋರ್ಟಿನಾಗೆ ನಮ್ಮ ಭಾಷೆ ಎಲ್ಲಾ ಕಲಿಸಿಬಂದ್ರಂತೆ? ಇನ್ನು ಜಡ್ಜು ಸಾಹೇಬ್ರೂ ಬರ್ತಾರೇನು ಎತ್ತು ಕೊಳ್ಳಾಕೆ?" ಎಂದನಂತೆ. ಸುತ್ತ ಇದ್ದವರೆಲ್ಲ ನಕ್ಕರು. ನಗುತ್ತಲೇ ಟವೆಲ್ಲಿನೊಳಗೆ ಕೈ ಬಂತು. ಅವತ್ತು ಸಂಜೆ ರಸ್ತೆ ದಾಟಿ ಬಂದವರು ಆ ಕಥೆಯನ್ನು ನಮಗೆ ಎಷ್ಟು ಸಲ ಹೇಳಿದರೋ! ನಮ್ಮವರು ಪ್ರತಿ ಸಲವೂ ಹೊಸದಾಗಿ ಕೇಳುವವರಂತೆ ಕೇಳಿದರು. ಜಿಲ್ಲಾ ಪಂಚಾಯತಿ ಗೆದ್ದಿದ್ದರೂ ಆ ಮುಖದಲ್ಲಿ ಅಂಥ ಬೆಳಕು ಬರುತ್ತಿರಲಿಲ್ಲ.

ಅಜ್ಜನ ಬಲಗೈ ಸ್ವಲ್ಪ ಸೊಟ್ಟಗೇ ಕೂಡಿತು. ಟಗರುಗಳನ್ನು ಮಾತ್ರ ಕೊನೆಯವರೆಗೂ ಅಧ್ಯಕ್ಷರೇ ಮಾರಿಕೊಟ್ಟರು. ಇಬ್ಬರೂ ಕೆಲವೊಮ್ಮೆ ನಮ್ಮ ವರಾಂಡದಲ್ಲೇ ಕುಳಿತು ನನ್ನ ಫಿಲ್ಟರ್ ಕಾಫಿ ಕುಡಿಯುತ್ತಿದ್ದರು. "ಇದು ಕಹಿ ಐತ್ರೀ ಅವ್ವಾರೆ," ಎಂದು ಅಜ್ಜ ಪ್ರತಿ ಸಲ ಹೇಳುತ್ತಿದ್ದ, ಪ್ರತಿ ಸಲ ಲೋಟ ಖಾಲಿ ಮಾಡುತ್ತಿದ್ದ.

ಒಬ್ಬೊಬ್ಬರೇ ಹೋದರು… ಮೊದಲು ಅಜ್ಜ, ಆಮೇಲೆ ನಮ್ಮವರು. ಅಧ್ಯಕ್ಷರು ಹೋಗಿಯೂ ಈಗ ಬಹಳ ವರ್ಷವಾಯಿತು. ನಿವೃತ್ತಿಯ ಮೇಲೆ ನಾವು ಈ ಊರಲ್ಲೇ ಮನೆ ಮಾಡಿದ್ದರಿಂದ ನನಗೆ ಅಕ್ಕ, ಅಕ್ಕನಿಗೆ ನಾನು. ಟಿವಿಯಲ್ಲಿ ದೊಡ್ಡ ದೊಡ್ಡ ಲೀಡರುಗಳ ಮೇಲೆ ಅವೇ ಆರೋಪಗಳು ಬರುತ್ತವೆ. ಸಾಕ್ಷಿ ತಿರುಗಿಸಿದರು, ಪ್ರಮಾಣ ಮಾಡಿ ಸುಳ್ಳು ಹೇಳಿದರು, ಇತ್ಯಾದಿ. ನಾವಿಬ್ಬರೂ ಕಡಲೆಪುರಿ ತಿನ್ನುತ್ತಾ ನೋಡುತ್ತೇವೆ. ಎಲ್ಲರೂ ಇಲ್ಲ ಎನ್ನುತ್ತಾರೆ. ಬಹಳ ಗಟ್ಟಿ ಧ್ವನಿಯಲ್ಲಿ.

ಹೋದ ವಾರ ಹಿಂಡಿಯ ಚೀಲ ಬಿಚ್ಚಿದ ದಿನವೇ ಅಕ್ಕನ ಮನೆಗೆ ಪಕ್ಷದ ಹುಡುಗರು ಬಂದರು. ಇವರು ಹೊಸಬರು, ಆಗ ಹುಟ್ಟಿಯೇ ಇರದವರು. ಚುನಾವಣೆಗೆ ಬ್ಯಾನರ್ ಮಾಡಿಸುತ್ತಿದ್ದಾರಂತೆ. ಪಕ್ಷದ ಹಳೆಯ ತಲೆಗಳ ಫೋಟೋ ಸಾಲಾಗಿ ಹಾಕಿ, ಅಧ್ಯಕ್ಷರ ಫೋಟೋದ ಕೆಳಗೆ ‘ಸತ್ಯಕ್ಕಾಗಿ ಕುರ್ಚಿ ಬಿಟ್ಟ ಧೀಮಂತ ನಾಯಕ’ ಎಂದು ಬರೆಸುತ್ತಾರಂತೆ. ಮೊಬೈಲಿನಲ್ಲಿ ಡಿಸೈನ್ ತೋರಿಸಿ, "ಅಜ್ಜಿ, ನಿಮ್ಮ ಪರ್ಮಿಷನ್ ಬೇಕಿತ್ತು," ಎಂದರು.

ಅಕ್ಕ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಬಹಳ ಹೊತ್ತು ನೋಡಿದರು.

"ಹಾಕ್ರಪ್ಪಾ, ಚಂದ ಐತೆ," ಎಂದರು. "ಆದ್ರೆ ಪೂರ್ತಿ ಹಾಕ್ರಿ. ಮೊದಲು ಸುಳ್ಳು ಹೇಳಿದ್ರು, ಆಮೇಲೆ ಹೋಗಿ ನಿಜ ಹೇಳಿದ್ರು ಅಂತ. ಅದಕ್ಕೆ ನಿಮ್ಮ ಪಕ್ಷದಾಗೆ ಟಿಕೆಟ್ ಕೊಡಲಿಲ್ಲ ಅಂತಾನೂ ಬರೀರಿ. ಜಾಗ ಸಾಲದಿದ್ರೆ ಫೋಟೋ ಸಣ್ಣದು ಮಾಡ್ರಿ, ಅವರೇನೂ ಅನ್ನಲ್ಲ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ವಿಚಾರ ಮಾಡಿ ಹೇಳ್ತೀವಿ ಎಂದು ಹೋದರು. ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಎದ್ದಿದೆ. ಅಧ್ಯಕ್ಷರು ಅದರಲ್ಲಿಲ್ಲ.

ಅದನ್ನು ಅಕ್ಕನಿಗೆ ಬಂದು ಹೇಳಿದಾಗ ಇಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ನಕ್ಕು ನಕ್ಕು ಸುಸ್ತಾಗಿ ನಿಲ್ಲಿಸಿದ ಮೇಲೆ ಇಬ್ಬರೂ ಬಾಗಿಲ ಕಡೆ ನೋಡಿದೆವು. ಇಂಥ ಮಾತಿಗೆ ಎಲ್ಲರಿಗಿಂತ ಕೊನೆಯವರೆಗೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ಅಧ್ಯಕ್ಷರು…